ಎಡತೋಳು ಆಫೀಸಿನದು, ಬಲತೋಳು ಮನೆಯದು

ನನ್ನ ಹೆಂಡತಿಗೆ ಅವಳ ಆಫೀಸಿನಲ್ಲಿ ‘ಎರಡನೇ ರಿಂಗು’ ಎಂದು ಹೆಸರಿಟ್ಟಿದ್ದಾರೆ. ಅವಳು ಇರುವುದು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ. ಕರೆಂಟು ಹೋದಾಗ ಜನ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಾರಲ್ಲ, ಆ ಬೈಗುಳವೆಲ್ಲ ಹೋಗಿ ಬೀಳುವ ಜಾಗ ಅದು. ಮೂರನೇ ರಿಂಗಿನೊಳಗೆ ಫೋನ್ ಎತ್ತಬೇಕೆಂಬುದು ಅಲ್ಲಿನ ನಿಯಮ. ಇವಳು ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಎರಡನೆಯದನ್ನು ದಾಟಲು ಬಿಟ್ಟಿಲ್ಲವಂತೆ. ಈಗ ಎಂಟು ಜನರ ಪಾಳಿಗೆ ಇವಳೇ ಮೇಲ್ವಿಚಾರಕಿ. ಮನೆಯಲ್ಲಿ ನಾನು ಮೂರು ಸಲ ಕೂಗಿದ ಮೇಲೆ ಓಗೊಡುತ್ತಾಳೆ, ಅದು ಬೇರೆ ಮಾತು.

ಕೈ ಸುಮ್ಮನಿದ್ದರೆ ತನ್ನ ಕಿವಿ ಕೆಲಸ ಮಾಡುವುದಿಲ್ಲ ಎನ್ನುತ್ತಾಳೆ. ಅದಕ್ಕೇ ತಲೆಗೆ ಹೆಡ್‌ಫೋನು, ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ ಎರಡು ಕಡ್ಡಿ. ದೂರು ಬಂದರೆ ಕಡ್ಡಿ ಕೆಳಗಿಟ್ಟು ವಿಳಾಸ ಬರೆದುಕೊಂಡು, ಲೈನ್‌ಮನ್‌ಗೆ ತಿಳಿಸಿ, ಮತ್ತೆ ಕಡ್ಡಿ ಎತ್ತುತ್ತಾಳೆ. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಇದೇನು ಆಫೀಸೋ ಹೆಣಿಗೆ ಕ್ಲಾಸೋ ಎಂದು ಕಣ್ಣು ಕೆಂಪಗೆ ಮಾಡಿದ್ದರಂತೆ. ತಿಂಗಳ ಕೊನೆಯಲ್ಲಿ ಯಾರ ಮೇಜಿನಿಂದ ಎಷ್ಟು ದೂರು ಬಗೆಹರಿದಿದೆ ಎಂದು ನೋಡಿದ ಮೇಲೆ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮರುವರ್ಷ ತಮ್ಮ ಮೊಮ್ಮಗನಿಗೆ ಒಂದು ಟೋಪಿ ಹೆಣೆಸಿಕೊಂಡರು.

ಹೀಗೆ ಟೋಪಿ, ಕಾಲುಚೀಲ, ಮಫ್ಲರ್ ಎಂದು ಊರಿಗೆಲ್ಲ ಹೆಣೆದುಕೊಟ್ಟಳು. ಕಟ್ಟಿಕೊಂಡ ಗಂಡನಿಗೆ ಮಾತ್ರ ಅಂಗೈ ಅಗಲದ್ದೂ ಇಲ್ಲ ಎಂದು ನಾನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದೆ. ಕೊನೆಗೆ ಈ ವರ್ಷ ಚಳಿ ಶುರುವಾಗುವ ಮುಂಚೆ ನನ್ನ ಅಳತೆ ತೆಗೆದುಕೊಂಡು ಬೂದು ಬಣ್ಣದ ಉಲ್ಲನ್ ತಂದಳು. ಬೆನ್ನು ಮುಗಿಯಿತು, ಎದೆಯ ಭಾಗ ಮುಗಿಯಿತು. ಉಳಿದದ್ದು ಎರಡು ತೋಳು.

ತೋಳಿನ ವಿಷಯದಲ್ಲಿ ನನ್ನ ಅಮ್ಮನದೊಂದು ಕಟ್ಟುನಿಟ್ಟು. ಇವಳಿಗೆ ಹೆಣಿಗೆ ಕಲಿಸಿದವಳೇ ಅಮ್ಮ. ಈಗ ಕಣ್ಣು ಮಂಜಾಗಿ ಕಡ್ಡಿ ಬಿಟ್ಟಿದ್ದಾಳೆ, ಉಪದೇಶ ಬಿಟ್ಟಿಲ್ಲ. ಎರಡೂ ತೋಳನ್ನು ಒಂದೇ ಕಡ್ಡಿಯ ಮೇಲೆ ಅಕ್ಕಪಕ್ಕ ಹಾಕಿಕೊಂಡು ಜೊತೆಜೊತೆಗೆ ಹೆಣೆಯಬೇಕು, ಒಂದು ಮುಗಿಸಿ ಇನ್ನೊಂದು ಶುರುಮಾಡಬಾರದು ಎಂಬುದು ಅವಳ ನಿಯಮ. ಸೊಸೆ ಅದನ್ನು ಇಷ್ಟು ವರ್ಷ ಪಾಲಿಸಿದ್ದಳು. ಈ ಸಲ ಬಸ್ಸು ಅಡ್ಡ ಬಂತು. ನೂಕುನುಗ್ಗಲಿನಲ್ಲಿ ಇವಳ ಚೀಲದ ಕಡ್ಡಿ ಒಬ್ಬರ ಸೊಂಟಕ್ಕೆ ಚುಚ್ಚಿ, ಅವರು ಇಡೀ ಬಸ್ಸಿಗೆ ಕೇಳುವಂತೆ ಜಾಡಿಸಿದ್ದರು. ಇನ್ನು ಕಡ್ಡಿ ಹೊತ್ತು ತಿರುಗುವುದಿಲ್ಲ ಎಂದು ಇವಳು ಇನ್ನೊಂದು ಜೊತೆ ಅದೇ ನಂಬರಿನ ಕಡ್ಡಿ ಕೊಂಡಳು. ಉಲ್ಲನ್ನನ್ನು ಎರಡು ಪಾಲು ಮಾಡಿ, ಎಡತೋಳನ್ನು ಆಫೀಸಿನ ಡ್ರಾಯರಿನಲ್ಲಿ ಶುರುಮಾಡಿದಳು, ಬಲತೋಳನ್ನು ಮನೆಯಲ್ಲಿ. ಕುಣಿಕೆಯ ಲೆಕ್ಕ ಒಂದೇ, ಸಾಲಿನ ಲೆಕ್ಕವೂ ಒಂದೇ, ಎಲ್ಲಿ ಹೆಣೆದರೇನು ಎಂದು ಅವಳ ವಾದ. ನನಗೂ ಸರಿಯೆನಿಸಿತು.

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ, ಮನೆಯಿಂದ ಎರಡು ಬೀದಿ ಆಚೆ. ದಿನವೆಲ್ಲ ಅಳೆಯುವುದು, ಕೊಯ್ಯುವುದು, ಗಾಜು ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜು ಸೀಳುತ್ತದೆ. ಅದರಿಂದಲೋ ಏನೋ, ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಜೊತೆಗೆ ನಾಲಿಗೆಯೂ ಸ್ವಲ್ಪ ಉದ್ದ. ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿದ್ದನ್ನು ನಾನು ಮುಟ್ಟುವುದಿಲ್ಲ. ಮಧ್ಯಾಹ್ನದ ಡಬ್ಬಿ ಹೇಗಿದ್ದರೂ ಸರಿ, ರಾತ್ರಿಯದು ಒಲೆಯಿಂದ ನೇರ ತಟ್ಟೆಗೆ ಬರಬೇಕು. ಅಮ್ಮನಿಗೆ ಎಲ್ಲವೂ ಮೆತ್ತಗಿರಬೇಕು, ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ. ಹೈಸ್ಕೂಲಿನಲ್ಲಿರುವ ಮಗಳಿಗೆ ಈರುಳ್ಳಿ ಕಣ್ಣಿಗೆ ಕಂಡರೆ ಊಟ ಸೇರದು.

ಇವಳು ಐದಕ್ಕೆ ಎದ್ದು ಒಂದು ಸುತ್ತು ಅಡುಗೆ ಮಾಡಿ, ನಾಲ್ಕು ಡಬ್ಬಿ ತುಂಬಿ, ಏಳೂವರೆಯ ಬಸ್ಸು ಹಿಡಿಯುತ್ತಿದ್ದಳು. ಸಂಜೆ ಆರಕ್ಕೆ ಬಂದು ಎರಡನೇ ಸುತ್ತು. ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡು ಸಾಲು ಹೆಣೆಯುವುದು, ಒಗ್ಗರಣೆಗೆ ಎದ್ದೇಳುವುದು, ಮತ್ತೆ ಒಂದು ಸಾಲು. ಅಷ್ಟರಲ್ಲಿ ಅಮ್ಮನ ಮಾತ್ರೆ, ಮಗಳ ಲೆಕ್ಕದ ಪುಸ್ತಕ, ನನ್ನ ಕನ್ನಡಕ. ತನಗೆ ಅಡುಗೆ ಅಂದ್ರೆ ಇಷ್ಟ ಎಂದು ಅವಳೇ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಭಾನುವಾರ ಪತ್ರಿಕೆಯಲ್ಲಿ ಬಂದ ಹೊಸದೊಂದನ್ನು ಪ್ರಯತ್ನಿಸುವಾಗ ಅವಳ ಮುಖ ನೋಡಬೇಕು. ಇಷ್ಟ ಎಂದಮೇಲೆ ಮುಗಿಯಿತಲ್ಲ ಎಂದು ನಾವು ಮೂವರೂ ಮುಂದಕ್ಕೇನೂ ಕೇಳಲಿಲ್ಲ. ಆಫೀಸಿನಲ್ಲಿ ದುಡಿದು ಮನೆಗೆ ಬಂದು ವಿಶ್ರಾಂತಿ ಪಡೆಯುತ್ತಾಳೆ ಎಂದೇ ನಾನು ನಂಬಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ತೋಳು ಹೆಣೆಯುತ್ತಿದ್ದ ತಿಂಗಳ ಮೊದಲ ವಾರ ಆಫೀಸಿನವರಿಗೆಲ್ಲ ಆರೋಗ್ಯ ತಪಾಸಣೆ ಆಯಿತು. ಇವಳ ಬಿಪಿ ನೂರ ಅರವತ್ತರ ಹತ್ತಿರ. ಈಗಲೇ ಮಾತ್ರೆ ಬೇಡ, ಒತ್ತಡ ಕಡಿಮೆ ಮಾಡಿಕೊಂಡು ಆರು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಒತ್ತಡ ಎಂಬ ಶಬ್ದ ಕಣ್ಣಿಗೆ ಬಿದ್ದದ್ದೇ ತಡ, ನನಗೆ ಎಲ್ಲವೂ ಗೊತ್ತಾಗಿಹೋಯಿತು. ದಿನಕ್ಕೆ ನೂರಿನ್ನೂರು ಜನರ ಬೈಗುಳ ಕೇಳುವವಳಿಗೆ ಬಿಪಿ ಏರದೆ ಇನ್ನೇನಾಗುತ್ತದೆ? ನಲವತ್ತೈದು ದಾಟಿದವರು ಸ್ವಯಂನಿವೃತ್ತಿ ತೆಗೆದುಕೊಳ್ಳಬಹುದು, ತಿಂಗಳ ಕೊನೆಯ ಮಂಗಳವಾರದೊಳಗೆ ಅರ್ಜಿ ಕೊಡಿ ಎಂದು ಅದೇ ಹೊತ್ತಿಗೆ ಆಫೀಸಿನಿಂದ ಸುತ್ತೋಲೆ ಬಂದಿತ್ತು. ಇವಳಿಗೆ ನಲವತ್ತೇಳು. ಅರ್ಜಿಯನ್ನು ನಾನೇ ತುಂಬಿದೆ, ಕಟ್ಟಿನ ಕೆಳಗೆ ಹೆಸರು ಬರೆಯುವ ನನ್ನ ಮುತ್ತಿನಂಥ ಅಕ್ಷರದಲ್ಲಿ. ಕಾರಣ ಎಂಬಲ್ಲಿ ‘ಆರೋಗ್ಯ’ ಎಂದು ಬರೆದೆ. ಅಮ್ಮ ಹೂಂಗುಟ್ಟಿದಳು, ಮಗಳೂ ತಲೆಯಾಡಿಸಿದಳು. ಆರಾಮಾಗಿ ಅಡುಗೆ ಮಾಡಿಕೊಂಡು, ಹೆಣೆದುಕೊಂಡು ಇರಬಹುದಲ್ಲ ಎಂದು ನಾವೆಲ್ಲ ಒಂದೇ ರಾಗ ಹಾಡಿದೆವು.

ಇವಳು ಒಲೆಯ ಮುಂದೆ ನಿಂತೇ ಅರ್ಜಿ ಓದಿದಳು. ಸಹಿ ಹಾಕಿ, ಕೊನೆಯ ದಿನದವರೆಗೂ ತನ್ನ ಹತ್ತಿರವೇ ಇರಲಿ ಎಂದು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಊಟದ ಹೊತ್ತಿನಲ್ಲಿ ಅಂದಂದಿನ ಫೋನುಗಳ ಕಥೆ ಹೇಳಿ ನಗಿಸುವುದು ಅವಳ ಅಭ್ಯಾಸ. ಬಲ್ಬು ಸುಟ್ಟಿದ್ದಕ್ಕೆ ಇಡೀ ಊರಿಗೇ ಕರೆಂಟಿಲ್ಲ ಎಂದು ದೂರು ಕೊಟ್ಟವರು, ಗಂಡನ ಮೇಲಿನ ಸಿಟ್ಟನ್ನೆಲ್ಲ ಕರೆಂಟಿನ ಹೆಸರಲ್ಲಿ ತೀರಿಸಿಕೊಂಡವರು, ಹೀಗೆ. ಸಹಿ ಹಾಕಿದ ದಿನದಿಂದ ಆ ಕಥೆಗಳು ನಿಂತುಹೋದವು. ಅವಳ ಮನಸ್ಸಿನಲ್ಲಿ ಏನಿತ್ತೆಂದು ಆಮೇಲೆ ಹೇಳಿದಳು. ಕೆಲಸ ಬಿಡುವುದೆಂದರೆ ಕೈ ಕತ್ತರಿಸಿದ ಹಾಗೆ ಆಗುತ್ತಿತ್ತಂತೆ. ಆದರೆ ಬಿಪಿಯಂತೂ ಏರಿರುವುದು ನಿಜ, ಮೂವರೂ ಒಂದೇ ಮಾತು ಹೇಳುತ್ತಿದ್ದಾರೆ, ಇವರು ಹೇಳುವುದೇ ಸರಿಯಿರಬಹುದೇನೋ ಎಂದು ಅವಳಿಗೂ ಅನುಮಾನ ಹುಟ್ಟಿತ್ತು. ಬೇಡ ಎನ್ನಲು ಅವಳ ಹತ್ತಿರ ಇಷ್ಟವೊಂದೇ ಇತ್ತು, ಕಾರಣ ಇರಲಿಲ್ಲ.

ಕೊನೆಯ ಶನಿವಾರ ಆಫೀಸಿನ ತೋಳು ಮುಗಿಯಿತು. ಅದನ್ನು ಮನೆಗೆ ತಂದಳು. ಮನೆಯ ತೋಳು ಹಿಂದಿನ ದಿನವೇ ಮುಗಿದಿತ್ತು. ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಸೂಜಿಯಿಂದ ಎರಡನ್ನೂ ಸ್ವೆಟರಿಗೆ ಹೊಲಿದು, ಬನ್ನಿ ಎಂದು ನನ್ನನ್ನು ಕರೆದಳು. ನಾನು ಮದುಮಗನ ಹಾಗೆ ಎದೆ ಸೆಟೆಸಿ ನಿಂತೆ. ತಲೆ ತೂರಿಸಿ, ಕೈ ತೂರಿಸಿ ನೋಡಿದರೆ ಎಡತೋಳು ಮಣಿಕಟ್ಟಿನವರೆಗೆ ಸರಿಯಾಗಿ ಬಂದಿದೆ, ಬಲತೋಳು ಮಣಿಕಟ್ಟಿಗೆ ಎರಡು ಬೆರಳು ಮೇಲೇ ನಿಂತುಬಿಟ್ಟಿದೆ. ಮೊಣಕೈ ಹತ್ತಿರ ಬಿಗಿ ಬೇರೆ. ಮಗಳು ಬಿದ್ದು ಬಿದ್ದು ನಕ್ಕಳು.

ಅಳತೆ ನನ್ನ ಕಸುಬು. ಸ್ವೆಟರ್ ತೆಗೆದು ಮೇಜಿನ ಮೇಲೆ ಹರಡಿ ಟೇಪು ಹಿಡಿದೆ. ಎಡಕ್ಕಿಂತ ಬಲ ಒಂದೂಮುಕ್ಕಾಲು ಇಂಚು ಕಮ್ಮಿ, ಅಗಲದಲ್ಲೂ ಅರ್ಧ ಇಂಚು ಕಮ್ಮಿ. ಸಾಲು ತಪ್ಪಿರಬೇಕು ಎಂದು ಮಗಳು ಎರಡು ಸಲ ಎಣಿಸಿದಳು. ಎರಡರಲ್ಲೂ ಅಷ್ಟಕ್ಕಷ್ಟೇ. ಅಮ್ಮ ತೋಳುಗಳನ್ನು ತನ್ನ ಮಡಿಲಿಗೆಳೆದುಕೊಂಡು ಬೆರಳಿನಿಂದ ತಡವಿ ನೋಡಿದಳು. ಲೆಕ್ಕ ತಪ್ಪಿಲ್ಲ, ಕೈ ಬೇರೆಯಾಗಿದೆ, ಒಂದನ್ನು ಹೆಣೆಯುವಾಗ ದಾರವನ್ನು ಜಗ್ಗಿ ಜಗ್ಗಿ ಎಳೆದಿದ್ದಾಳೆ ಎಂದಳು. ಮನಸ್ಸು ಬಿಗಿಯಾದರೆ ದಾರ ಬಿಗಿಯಾಗುತ್ತದೆ, ಅದಕ್ಕೇ ಎರಡನ್ನೂ ಒಂದೇ ಕಡ್ಡಿಯ ಮೇಲೆ ಹಾಕಬೇಕು ಎಂದು ತಾನು ಬಡಿದುಕೊಂಡದ್ದು ಎಂದು ಸೇರಿಸಿದಳು.

ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ವಕೀಲನ ಹಾಗೆ ಆ ಗಿಡ್ಡ ತೋಳನ್ನು ಎತ್ತಿ ಹಿಡಿದೆ. ಡಾಕ್ಟರ ಚೀಟಿ ಬೇಡ, ಯಂತ್ರ ಬೇಡ, ಇದೊಂದೇ ಸಾಕ್ಷಿ ಸಾಕು ಎಂದೆ. ಆಫೀಸಿನಲ್ಲಿ ಕೂತು ಈ ತೋಳು ಹೆಣೆಯುವಾಗ ಅವಳ ಜೀವ ಎಷ್ಟು ಹಿಂಡಿಹೋಗಿರಬೇಕು ನೋಡಿ ಎಂದೆ. ಮಂಗಳವಾರದವರೆಗೆ ಕಾಯುವುದೂ ಬೇಡ, ನಾಳೆಯೇ ಅರ್ಜಿ ಕೊಟ್ಟು ಬಾ ಎಂದೆ.

ಇವಳು ನನ್ನ ಕೈಯಿಂದ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇದು ಬಲತೋಳು ರೀ," ಎಂದಳು. "ಇದು ಮನೇಲಿ ಹೆಣೆದಿದ್ದು."

ನಾನು ನಂಬಲಿಲ್ಲ. ಎಡ ಬಲ ಅದಲುಬದಲಾಗಿರಬೇಕು, ಹೊಲಿಯುವಾಗ ಮರೆತಿರಬೇಕು ಎಂದು ತೋಳನ್ನು ಮತ್ತೆ ಕಿತ್ತುಕೊಂಡು ಮೂಗಿಗೆ ಹಿಡಿದೆ. ಈರುಳ್ಳಿ ಹುರಿದ ವಾಸನೆ, ಎಣ್ಣೆಯ ಘಾಟು, ನಮ್ಮ ಅಡುಗೆಮನೆ ಪೂರ್ತಿ ಅದರಲ್ಲಿತ್ತು. ಇನ್ನೊಂದನ್ನು ಮೂಸಿದೆ. ಅದರಲ್ಲಿ ಬರೀ ಹೊಸ ಉಲ್ಲನ್ನಿನ ವಾಸನೆ.

ಇವಳೂ ಆ ತೋಳನ್ನು ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು. ಬೇಕೆಂದು ಮಾಡಿದ್ದಾಗಿದ್ದರೆ ನಾನು ಜಗಳವನ್ನಾದರೂ ಆಡಬಹುದಿತ್ತು. ಅಮ್ಮ ಆ ತೋಳನ್ನು ಇನ್ನೊಮ್ಮೆ ತಡವಿ ಹೇಳಿದಳು: "ನಾನೂ ಇದೇ ಮನೇಲೇ ಹೆಣೆದಿದ್ದು. ನನ್ನ ಸ್ವೆಟರ್‌ಗಳೆಲ್ಲ ಬಿಗಿಯಾಗೇ ಬರ್ತಿತ್ತು. ಉಲ್ಲನ್ನೇ ಸರಿಯಿಲ್ಲ ಅಂದ್ಕೊಂಡಿದ್ದೆ."

ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದೆ. ಭಾನುವಾರ ನನ್ನ ಅಂಗಡಿಗೆ ರಜೆ. ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತೆ. ಮೊದಲು ಬಂದದ್ದು ಸಿಟ್ಟು. ನಾನೇನು ಹೊಡೆಯುತ್ತೇನೆಯೇ, ಬಡಿಯುತ್ತೇನೆಯೇ, ಕುಡಿದು ಬರುತ್ತೇನೆಯೇ? ಮನೆಗೇನು ಕಡಿಮೆ ಮಾಡಿದ್ದೇನೆ? ಇಂಥ ಪ್ರಶ್ನೆಗಳನ್ನು ಕೇಳಿಕೊಂಡು ಅವಕ್ಕೆಲ್ಲ ನಾನೇ ಉತ್ತರ ಕೊಟ್ಟುಕೊಂಡು ಪ್ರತಿಯೊಂದರಲ್ಲೂ ಗೆದ್ದೆ. ಗೆದ್ದಮೇಲೂ ಎದೆ ಹಗುರಾಗಲಿಲ್ಲ. ಅಷ್ಟೊತ್ತಿಗೆ ಊಟದ ಹೊತ್ತಾಗಿತ್ತು.

ಸೋಮವಾರ ಮಧ್ಯಾಹ್ನ ಟೇಪು ಜೇಬಿಗೆ ಹಾಕಿಕೊಂಡು ಅವಳ ಆಫೀಸಿಗೆ ಹೊರಟೆ. ಅಲ್ಲಿಯ ಗೋಡೆಯ ಮೇಲಿರುವ ದೊಡ್ಡ ನಕ್ಷೆಗೆ ಗಾಜು ಹಾಕಿಸಬೇಕು, ಒಂದು ಸಲ ಬಂದು ಅಳತೆ ತೆಗೆದುಕೊಳ್ಳಲಿ ಎಂದು ಅಧಿಕಾರಿಗಳು ಇವಳ ಕೈಲಿ ವರ್ಷದಿಂದ ಹೇಳಿ ಕಳಿಸುತ್ತಿದ್ದರು. ನಾನು ಒಂದು ದಿನವೂ ಹೋಗಿರಲಿಲ್ಲ. ಅಂದು ಹೋದದ್ದು ನಕ್ಷೆಗಾಗಿ ಅಲ್ಲ, ಅಲ್ಲೇನು ಅಂಥ ಸ್ವರ್ಗ ಇದೆ ನೋಡಿಬಿಡೋಣ ಎಂದು.

ಸ್ವರ್ಗವೇನೂ ಇರಲಿಲ್ಲ. ಉದ್ದನೆಯ ಕೋಣೆ, ಮಾಸಿದ ಗೋಡೆ, ಎಂಟು ಮೇಜು, ಒಂದು ಫೋನ್ ನಿಂತರೆ ಇನ್ನೊಂದು. ಅವಳ ಬೆನ್ನು ಬಾಗಿಲ ಕಡೆಗಿತ್ತು. ಆಚೆಯಿಂದ ಯಾರೋ ಕಿರುಚುತ್ತಿದ್ದದ್ದು ಬಾಗಿಲಲ್ಲಿ ನಿಂತ ನನಗೂ ಗುಂಯ್ ಎಂದು ಕೇಳಿಸಿತು. "ಹೇಳಿ ಸಾರ್, ಕೇಳಿಸ್ಕೋತಿದ್ದೀನಿ," ಎಂದಳು. ನಮ್ಮ ಮನೆಯಲ್ಲಿ ನಾನು ಕೇಳದ ಧ್ವನಿ ಅದು, ಅವಸರವೇ ಇಲ್ಲದ್ದು. ಆ ಕಿರುಚಾಟ ಇಳಿದು, ವಿಳಾಸ ಬಂದು, ಲೈನ್‌ಮನ್ ಹೊರಟಿದ್ದೂ ಆಯಿತು. ಯಾರೂ ನಡುವೆ ಅವಳನ್ನು ಇನ್ನೊಂದಕ್ಕೆ ಕರೆಯಲಿಲ್ಲ. ಒಂದು ಹಿಡಿದಳು, ಅದನ್ನು ಮುಗಿಸಿದಳು, ಆಮೇಲೆ ಇನ್ನೊಂದು.

ಒಂದು ಗಂಟೆಗೆ ಅರ್ಧ ಜನ ಊಟಕ್ಕೆದ್ದರು. ಕೋಣೆಯ ಮೂಲೆಯ ಮೇಜಿನಲ್ಲಿ ನಾಲ್ವರು ಕೂತು ಡಬ್ಬಿ ಬಿಚ್ಚಿದರು. ಕಚೇರಿ ಸಹಾಯಕಿ ನಾನು ಯಾರೆಂದು ವಿಚಾರಿಸಿಕೊಂಡು, ಮೇಡಮ್ಮನ್ನು ಕರೆಯಲೇ ಎಂದು ಕೇಳಿದಳು. ಬೇಡ ಎಂದು ನಕ್ಷೆಯ ಕಡೆ ತಿರುಗಿ ಟೇಪು ಬಿಚ್ಚಿದೆ, ಕಣ್ಣು ಮಾತ್ರ ಆ ಮೂಲೆಯಲ್ಲೇ ಇತ್ತು. ಇವಳು ಕೂತು ಉಂಡಳು. ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಕೂತೇ ಉಂಡಳು. ನೀರು ಮುಗಿದಾಗ ಪಕ್ಕದ ಹುಡುಗಿ ಎದ್ದುಹೋಗಿ ತಂದಿಟ್ಟಳು. ಇವಳು ಏನೋ ಹೇಳಿದಳು, ನಾಲ್ವರೂ ನಕ್ಕರು. ಇಪ್ಪತ್ತು ನಿಮಿಷ ಅವಳು ಒಂದು ಸಲವೂ ಮೇಲೇಳಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿದೆ. ನನ್ನ ಹೆಂಡತಿ ಕೂತು ಪೂರ್ತಿ ಊಟ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಷೆಯ ಅಳತೆಯನ್ನು ತಪ್ಪಾಗಿ ಬರೆದುಕೊಂಡು, ಅವಳ ಕಣ್ಣಿಗೆ ಬೀಳದೆ ಹೊರಗೆ ಬಂದೆ.

ದಾರಿಯುದ್ದಕ್ಕೂ ಒಂದು ಮಾತನ್ನು ಜೋಡಿಸಿಕೊಂಡೆ. ಕೆಲಸ ಬಿಡಬೇಡ, ಅರ್ಜಿ ಹರಿದುಹಾಕು, ನನ್ನ ಅಡ್ಡಿಯಿಲ್ಲ ಎಂದು ಹೇಳಬೇಕು. ದೊಡ್ಡ ಮನಸ್ಸಿನವನೆಂದು ಅವಳ ಕಣ್ಣು ತುಂಬಿ ಬರಬಹುದು ಎಂದೂ ಅಂದುಕೊಂಡೆ. ಮನುಷ್ಯನಿಗೆ ಬುದ್ಧಿ ಬರುವಾಗಲೂ ಪೂರ್ತಿ ಬರುವುದಿಲ್ಲ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಇವಳು ಬೇಳೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಬೆಳಗ್ಗೆಯೇ ಅಧಿಕಾರಿಗಳ ಹತ್ತಿರ ಹೋಗಿ ತಾನು ಅರ್ಜಿ ಹಾಕುವುದಿಲ್ಲ ಎಂದು ಹೇಳಿಬಂದಿದ್ದಳಂತೆ.

"ನಿಮ್ಮನ್ನ ಕೇಳೋದು ಮರ್ತೇಹೋಯ್ತು," ಎಂದಳು.

ಅದರಲ್ಲಿ ಕುಟುಕು ಇರಲಿಲ್ಲ, ನಿಜವಾಗಿಯೂ ಮರೆತಿದ್ದಳು. ಅದೇ ನನಗೆ ಹೆಚ್ಚು ತಾಗಿತು. ಅಂದು ಊಟಕ್ಕೆ ಕೂತಾಗ ಬಾಯಿ ಮುಚ್ಚಿಕೊಂಡು ಎಣಿಸಿದೆ. ಅಮ್ಮನಿಗೆ ಅನ್ನ ಹಿಸುಕಿ ಕೊಡಲು, ಉಪ್ಪಿಗೆ, ಮಗಳ ಲೋಟಕ್ಕೆ, ನನ್ನ ಎರಡನೇ ಸಲದ ಬಿಸಿಗೆ, ಹೀಗೆ ಏಳು ಸಲ ಎದ್ದಳು. ಏಳನೇ ಸಲ ವಾಪಸು ಬರುವಾಗ ಅವಳ ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಗಿತ್ತು. ತಣ್ಣಗಿನದನ್ನು ಅವಳು ಸುಮ್ಮನೆ ಉಂಡಳು.

ಊಟವಾದ ಮೇಲೆ ಗಿಡ್ಡ ತೋಳಿನ ಹೊಲಿಗೆ ಬಿಚ್ಚಿ, ದಾರ ಎಳೆದು ಉಂಡೆ ಸುತ್ತಲು ಕೂತಳು. ಮುಂದೆ ಕೂತು ನಾನು ದಾರ ಹಿಡಿದೆ. ಹೊಸದಾಗಿ ಹೆಣೆಯಲು ಅದನ್ನು ಆಫೀಸಿಗೆ ಒಯ್ಯುತ್ತೇನೆ, ಎರಡೂ ಒಂದೇ ಸಮ ಬರುತ್ತದೆ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ತಡೆಯಲಾಗಲಿಲ್ಲ. ಇದನ್ನು ಮನೆಯಲ್ಲೇ ಹೆಣೆ ಎಂದೆ, ವಾರಕ್ಕೊಂದು ಸಲ ನಾನೇ ಅಳೆದು ನೋಡುತ್ತೇನೆ ಎಂದೆ.

ಇವಳು ನನ್ನ ಮುಖವನ್ನೇ ನೋಡಿದಳು. ಎಷ್ಟೋ ದಿನದ ಮೇಲೆ ನಕ್ಕಳು.

"ಮನೇಲೇ ಹೆಣೀತೀನಿ. ನೀವು ಮಾತ್ರ ಟೇಪು ಹಿಡ್ಕೊಂಡು ಬರ್ಬೇಡಿ. ಅಳೆಯೋಕೆ ನಿಂತ್ರೆ ಇನ್ನೂ ಬಿಗಿಯಾಗುತ್ತೆ."

ಮರುದಿನದಿಂದ ನಾನು ದೇವರಂಥ ಗಂಡನಾಗಿಬಿಟ್ಟೆ ಎಂದು ಬರೆದರೆ ಮಗಳು ಓದಿ ನಗುತ್ತಾಳೆ. ಫ್ರಿಜ್ಜಿನ ಸಾರನ್ನು ಬಿಸಿ ಮಾಡಿಕೊಂಡು ಉಣ್ಣಲು ಕಲಿತೆ, ಗೊಣಗುತ್ತಲೇ ಕಲಿತೆ. ವಾರದಲ್ಲಿ ಮೂರು ಸಂಜೆ ಒಲೆ ನನ್ನದು. ಬರುವುದು ಮೊಟ್ಟೆ ಮತ್ತು ಆಲೂಗಡ್ಡೆ ಎರಡೇ. ಅಮ್ಮ ಉಪ್ಪಿಲ್ಲ ಎಂದು ಮುಖ ತಿರುವುತ್ತಾಳೆ, ತನಗೆ ಉಪ್ಪು ಬೇಡವೆಂದು ತಾನೇ ಹೇಳಿದ್ದು ಮರೆತು. ಊಟಕ್ಕೆ ಬೇಕಾದದ್ದೆಲ್ಲ ಮೊದಲೇ ಮೇಜಿಗೆ ಬಂದಿರಬೇಕು, ಮರೆತುಹೋದದ್ದಕ್ಕೆ ತನ್ನ ಅಮ್ಮನನ್ನು ಏಳಿಸಬಾರದು ಎಂದು ಮಗಳು ಕಾನೂನು ಮಾಡಿದ್ದಾಳೆ. ಅದನ್ನು ಹೆಚ್ಚಾಗಿ ಮುರಿಯುವವನು ನಾನೇ. ಆರು ವಾರ ಕಳೆದು ನೋಡಿದಾಗ ಬಿಪಿ ಸ್ವಲ್ಪ ಇಳಿದಿತ್ತು.

ತೋಳು ಮುಗಿಯಲು ಒಂದು ತಿಂಗಳು ಹಿಡಿಯಿತು. ಹೊಲಿದು ಕೊಟ್ಟಳು, ಹಾಕಿಕೊಂಡೆ. ಮೊಣಕೈ ಸಲೀಸಾಗಿ ಮಡಚಿತು. ಅವಳು ಒಳಗೆ ಹೋದಾಗ ಕಳ್ಳನ ಹಾಗೆ ಅಳೆದು ನೋಡಿದೆ. ಎಡತೋಳಿಗಿಂತ ಬಲತೋಳು ಇನ್ನೂ ಅರ್ಧ ಇಂಚು ಕಮ್ಮಿ ಇತ್ತು. ಅವಳಿಗೂ ಕಣ್ಣಳತೆಯಲ್ಲೇ ಗೊತ್ತಾಗಿರಬೇಕು, ಬಿಚ್ಚಿ ಇನ್ನೊಂದು ಸಲ ಹೆಣೆದುಕೊಡಲೇ ಎಂದು ಕೇಳಿದಳು. ಬೇಡ ಎಂದೆ. ಈ ಚಳಿಗಾಲವೆಲ್ಲ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ಅಂಗಡಿಗೆ ಬಂದವರು ಒಂದು ತೋಳು ಗಿಡ್ಡ ಇದೆಯಲ್ಲ ಎನ್ನುತ್ತಾರೆ. ಹೆಣೆದವಳ ತಪ್ಪಲ್ಲ, ಆ ಅರ್ಧ ಇಂಚು ನನ್ನದು ಎನ್ನುತ್ತೇನೆ.